ಮಡುವಿನ ಲೋಳೆಮೀನು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜನರಿಗೆ ಕಡಲು ಬಹು ದೂರದ್ದಲ್ಲ. ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಇಳಿದರಾಯಿತು. ಅಲ್ಲಿಯ ಮರಳಿನಲ್ಲಿ ತೆರೆ ಬಿಟ್ಟುಹೋದ ಲೋಳೆಯ ಮುದ್ದೆಯನ್ನು ಕಂಡು ಕಾಲು ಹಿಂದೆಗೆದವರು ನಮ್ಮಲ್ಲಿ ಅನೇಕರು. ಅದೇ ಜೀವಿಯನ್ನು ದೊಡ್ಡ ಮತ್ಸ್ಯಾಗಾರಗಳ ಗಾಜಿನ ಹಿಂದೆ ನೋಡಿದರೆ ಗುರುತೇ ಸಿಗದು. ಒಂದು ಹುಣ್ಣಿಮೆಯ ಚಂದ್ರನಂತೆ ಮಸುಕಾಗಿ ತೇಲುತ್ತದೆ. ಇನ್ನೊಂದು ಉದ್ದನೆಯ ಎಳೆಗಳನ್ನು ಇಳಿಬಿಟ್ಟು ಸಾಗುತ್ತದೆ. ಮತ್ತೊಂದು ತಲೆಕೆಳಗಾಗಿ ತಳದಲ್ಲಿಯೇ ಮಲಗಿರುತ್ತದೆ.

ಲೋಳೆಮೀನು ಮೀನಲ್ಲ. ಅದಕ್ಕೆ ಎಲುಬಿಲ್ಲ, ಮಿದುಳಿಲ್ಲ. ಮೈಯ ಬಹುಭಾಗ ನೀರೇ. ಮೂಲೆಗಳಿರುವ ತೊಟ್ಟಿಯಲ್ಲಿ ಅದು ಸಿಕ್ಕಿ ಹರಿದುಹೋಗುತ್ತದೆ. 1960ರ ದಶಕದಲ್ಲಿ ಜರ್ಮನಿಯ ವುಲ್ಫ್ ಗ್ರೆವೆ ನೀರು ಮೆಲ್ಲನೆ ಸುತ್ತುತ್ತಿರುವ ದುಂಡು ತೊಟ್ಟಿಯನ್ನು ರೂಪಿಸಿದ ಮೇಲೆ ಇಂಥ ಪ್ರದರ್ಶನಗಳ ದಾರಿ ಸುಗಮವಾಯಿತು.

ಆದರೆ ಈ ಜೀವಿ ಉಪ್ಪುನೀರಿನದು ಮಾತ್ರವೆಂದು ತಿಳಿಯುವುದು ತಪ್ಪು. 1880ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಸಸ್ಯೋದ್ಯಾನದಲ್ಲಿ, ದೈತ್ಯ ತಾವರೆಯನ್ನು ಬೆಳೆಸಿದ್ದ ಸಿಹಿನೀರಿನ ತೊಟ್ಟಿಯಲ್ಲಿ, ಪುಟ್ಟ ಲೋಳೆಮೀನುಗಳು ಕಾಣಿಸಿಕೊಂಡು ವಿದ್ವಾಂಸರನ್ನು ಬೆರಗುಗೊಳಿಸಿದವು. 1883ರಲ್ಲಿ ಆಫ್ರಿಕಾದ ಟಾಂಗನೀಕಾ ಸರೋವರದಲ್ಲಿ ಬೇರೊಂದು ಬಗೆ ಕಂಡುಬಂದಿತು. ಆ ಕುಲ ಆಫ್ರಿಕಾದ ಸೊತ್ತೆಂದೇ ಅನಂತರ ನಂಬಲಾಗಿತ್ತು.

ಆ ನಂಬಿಕೆಯನ್ನು ಅಲುಗಿಸಿದ್ದು ನಮ್ಮ ಸಹ್ಯಾದ್ರಿ. ಮಾಲವಣದಲ್ಲಿ ಹುಟ್ಟಿ ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿದ ಶಂಕರ ಪುರುಷೋತ್ತಮ ಆಘರ್ಕರರು ಸಸ್ಯಶಾಸ್ತ್ರಜ್ಞರು. ಪಶ್ಚಿಮ ಘಟ್ಟದಲ್ಲಿ ಅಲೆಯುತ್ತಿದ್ದಾಗ, ಸಾತಾರಾ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುವ ಯೆಣ್ಣಾ ಹೊಳೆಯಲ್ಲಿ, ಅದೇ ಕುಲದ ಲೋಳೆಮೀನು ಅವರ ಕಣ್ಣಿಗೆ ಬಿದ್ದಿತು. ಕಲಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ನೆಲ್ಸನ್ ಆನಂಡೇಲ್ 1911ರಲ್ಲಿ ಅದಕ್ಕೆ ‘ಲಿಮ್ನಾಕ್ನಿಡಾ ಇಂಡಿಕಾ’ ಎಂದು ಹೆಸರಿಟ್ಟರು. ಸಸ್ಯಶಾಸ್ತ್ರಜ್ಞರಿಗೆ ದೊರೆತದ್ದು ಪ್ರಾಣಿ! ನೋಡುವ ಕಣ್ಣಿಗೆ ಶಾಸ್ತ್ರದ ಬೇಲಿಯಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ನಾಣ್ಯದಷ್ಟು ಅಗಲದ, ಗಾಜಿನಂತೆ ತಿಳಿಯಾದ ಈ ಜೀವಿ ತೇಲಾಡುವುದು ಬೇಸಗೆಯಲ್ಲಿ. ಹರಿವು ಕುಂದಿ ಹೊಳೆ ಮಡುಗಳಾಗಿ ಒಡೆದು ನಿಂತಾಗ. ಮಳೆಗಾಲದ ಮಹಾಪೂರ ಬಂದರೆ ಕಣ್ಮರೆ. ವರ್ಷದ ಉಳಿದ ದಿನಗಳಲ್ಲಿ ಈ ವರ್ಗದ ಬಾಳು ಸಾಗುವುದು ಕಲ್ಲಿಗಂಟಿಕೊಂಡ, ಬರಿಗಣ್ಣಿಗೆ ಕಾಣಿಸದಂಥ ಸಣ್ಣ ರೂಪದಲ್ಲಿ. ಹೀಗಾಗಿ ಹೊಳೆಯಲ್ಲಿ ಅದಿಲ್ಲವೆಂದು ಹೇಳಲು ಒಂದು ದಿನದ ನೋಟ ಸಾಲದು.

ನಮ್ಮ ಮೂರು ತಾಲೂಕುಗಳಿಗೂ ಇಂಥ ಹೊಳೆಗಳುಂಟು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಸಿದ್ದಾಪುರದ ಕಾಡುಗಳನ್ನು ಹಾದು ಕಡಲಿಗಿಳಿಯುತ್ತದೆ. ಯಲ್ಲಾಪುರದ ಬೇಡ್ತಿ ಕೆಳಗೆ ಗಂಗಾವಳಿಯಾಗುತ್ತದೆ. ಬೇಡ್ತಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ, 1981ರಲ್ಲಿ ಶಿರಸಿಯಲ್ಲಿ ರೈತರೂ ವಿಜ್ಞಾನಿಗಳೂ ಒಟ್ಟಿಗೆ ಕುಳಿತು ಅದರ ಲಾಭನಷ್ಟಗಳ ಲೆಕ್ಕ ನೋಡಿದರು. ಆ ಯೋಜನೆ ಹಿಂದೆ ಸರಿಯಿತು. ಇತ್ತೀಚಿನ ವರ್ಷಗಳಲ್ಲಿ ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಮಾತು ಮತ್ತೆ ಎದ್ದಿದೆ.

ನದಿಯ ಲೆಕ್ಕ ಬರೆಯುವಾಗ ಕಾಡಿಗೂ ತೋಟಕ್ಕೂ ಒಂದೊಂದು ಸಾಲು ಇರುವಂತೆ, ಬೇಸಗೆಯ ಮಡುವಿಗೂ ಒಂದು ಸಾಲು ಇರಬೇಕು. ನೋಡದೆ ಕಳೆದುಕೊಂಡದ್ದನ್ನು ಕಳೆದುಕೊಂಡೆವೆಂದು ಅರಿಯುವ ಬಗೆಯೂ ಇಲ್ಲ. ಮತ್ಸ್ಯಾಗಾರದ ಗಾಜಿನೆದುರು ಬೆರಗಾಗಿ ನಿಲ್ಲುವ ಮಕ್ಕಳನ್ನು ವೈಶಾಖದ ಒಂದು ಬೆಳಗು ಮನೆಯ ಕೆಳಗಿನ ಹೊಳೆಗೂ ಕರೆದೊಯ್ಯೋಣ. ತಿಳಿನೀರಿನ ಅಂಚಿನಲ್ಲಿ ಸದ್ದಿಲ್ಲದೆ ಕುಳಿತು ನೋಡುವುದನ್ನು ಕಲಿಸೋಣ.