ಅಲೈಂಗಿಕತೆ: ಲೈಂಗಿಕ ಒಲವೇ ಎಂಬ ಚರ್ಚೆ

ಯಾರ ಬಗ್ಗೆಯೂ ಲೈಂಗಿಕ ಆಕರ್ಷಣೆ ಹುಟ್ಟದಿರುವುದನ್ನು ಅಲೈಂಗಿಕತೆ ಎನ್ನುತ್ತಾರೆ. (ಜೀವಶಾಸ್ತ್ರ ಪಠ್ಯದ ಅಲೈಂಗಿಕ ಸಂತಾನೋತ್ಪತ್ತಿಗೂ ಇದಕ್ಕೂ ಸಂಬಂಧವಿಲ್ಲ; ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಬಿದ್ದಿದೆ, ಅಷ್ಟೆ.) ಬ್ರಹ್ಮಚರ್ಯವೂ ಬೇರೆ: ಅದು ಕೈಗೊಂಡ ನಿರ್ಧಾರ. ಅಲೈಂಗಿಕತೆಯನ್ನು ಸಲಿಂಗ, ಭಿನ್ನಲಿಂಗ ಒಲವುಗಳ ಸಾಲಿಗೆ ಸೇರಿಸಬೇಕೇ ಎಂಬುದು ವಿವಾದ.

ಅಮೆರಿಕದ ಸಂಶೋಧಕ ಆಲ್‌ಫ್ರೆಡ್ ಕಿನ್ಸಿ 1948ರಲ್ಲಿ ಪ್ರಕಟಿಸಿದ, ಭಿನ್ನಲಿಂಗ ಒಲವಿನಿಂದ ಸಲಿಂಗ ಒಲವಿನವರೆಗೆ 0ಯಿಂದ 6ರ ಅಂಕಗಳಲ್ಲಿ ಅಳೆಯುವ ಮಾಪಕದಲ್ಲಿ ಅಲೈಂಗಿಕರಿಗೆ ಜಾಗವಿರಲಿಲ್ಲ. ‘ಎಕ್ಸ್’ ಎಂಬ ಗುರುತು ಹಾಕಿ ಅವರನ್ನು ಬದಿಗಿಡಲಾಯಿತು. 1980ರಲ್ಲಿ ಸಂಶೋಧಕ ಮೈಕೆಲ್ ಸ್ಟಾರ್ಮ್ಸ್ ಒಂದು ಗೆರೆಯ ಬದಲು ಎರಡು ಅಕ್ಷಗಳನ್ನು ಎಳೆದರು. ಸಲಿಂಗ, ಭಿನ್ನಲಿಂಗ ಎರಡೂ ಬಗೆಯ ಆಕರ್ಷಣೆ ಕಡಿಮೆಯಿರುವ ಮೂಲೆ ಅಲೈಂಗಿಕರದಾಯಿತು.

ಕೆನಡಾದ ಸಂಶೋಧಕ ಆಂಥನಿ ಬೋಗರ್ಟ್ 2004ರಲ್ಲಿ, 18,000ಕ್ಕೂ ಹೆಚ್ಚು ಜನರ ಬ್ರಿಟಿಷ್ ಸಮೀಕ್ಷೆಯನ್ನು ಆಧರಿಸಿ, ಸುಮಾರು ಶೇ. 1ರಷ್ಟು ಮಂದಿಗೆ ಯಾರಲ್ಲೂ ಆಕರ್ಷಣೆ ಮೂಡಿಲ್ಲವೆಂದರು. ಚರ್ಚೆ ಕಾವೇರಿದ್ದು ಅಲ್ಲಿಂದ. ‘ಒಲವು ಎಂದರೆ ಯಾವುದೋ ಒಂದರ ಕಡೆಗೆ ವಾಲುವುದು, ಇಲ್ಲದಿರುವುದು ಒಲವು ಹೇಗಾದೀತು?’ ಎಂಬುದು ಒಂದು ಆಕ್ಷೇಪ. ಅಲೈಂಗಿಕತೆ ಲೈಂಗಿಕ ಆಸಕ್ತಿ ಕುಂದುವ ಕಾಯಿಲೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಸಂಶೋಧಕರಾದ ಲೋರಿ ಬ್ರೊಟ್ಟೊ ಮತ್ತು ಮೋರಾಗ್ ಯೂಲ್ 2011ರಲ್ಲಿ ಪ್ರಯೋಗಾಲಯದಿಂದಲೇ ಉತ್ತರ ಹುಡುಕಿದರು: ಕಾಮೋದ್ದೀಪಕ ಚಿತ್ರ ನೋಡಿದಾಗ ಅಲೈಂಗಿಕ ಮಹಿಳೆಯರ ದೇಹ ಉಳಿದವರಂತೆಯೇ ಸ್ಪಂದಿಸಿತು. ಪರೀಕ್ಷೆಗೆ ಒಳಗಾದ ಅಲೈಂಗಿಕರು ಏಳೇ ಮಂದಿ ಎಂಬುದನ್ನು ಮರೆಯುವಂತಿಲ್ಲ. 2017ರ ವಿಮರ್ಶಾ ಲೇಖನದಲ್ಲಿ ಇವರಿಬ್ಬರೂ ಕಾಯಿಲೆ, ವಿಕೃತಿ ಎಂಬ ವಾದಗಳಿಗಿಂತ ‘ಒಲವು’ ಎಂಬ ವಾದಕ್ಕೇ ಹೆಚ್ಚು ಪುರಾವೆ ಇದೆ ಎಂದು ತೀರ್ಮಾನಿಸಿದರು.

ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿ (2013) ಒಲವಿನ ಪ್ರಶ್ನೆಯನ್ನು ಬಗೆಹರಿಸುವುದಿಲ್ಲ. ಆದರೆ ತಮ್ಮನ್ನು ಅಲೈಂಗಿಕರು ಎಂದು ಗುರುತಿಸಿಕೊಳ್ಳುವವರಿಗೆ ಲೈಂಗಿಕ ನಿರಾಸಕ್ತಿಯ ರೋಗನಿದಾನ ಸಲ್ಲದು ಎನ್ನುತ್ತದೆ.