ಪ್ರಯಾಣಿಕರ ಪಂಕ್ತಿ: ಕಡೂರು, ತರೀಕೆರೆ, ಅಜ್ಜಂಪುರ ಮಾರ್ಗದ ರೈಲ್ವೆ ಊಟವೂ ಹಡಗಿನ ಊಟವೂ

ಮೈಸೂರು ಸಂಸ್ಥಾನದ ರೈಲ್ವೆಯನ್ನು ಕುರಿತು ಬರೆದ ಚರಿತ್ರಕಾರರು ಕ್ಷಾಮ, ಸಾಲ, ಸರಕು ಸಾಗಣೆ, ಕಂಪೆನಿಯೊಡನೆ ಆದ ಒಪ್ಪಂದ ಇವುಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಆ ಗಾಡಿಗಳಲ್ಲಿ ಕುಳಿತವರು ದಾರಿಯಲ್ಲಿ ಏನನ್ನು ಉಂಡರು, ಯಾರ ಕೈಯಿಂದ ಉಂಡರು, ಯಾರ ಪಕ್ಕದಲ್ಲಿ ಕುಳಿತು ಉಂಡರು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಊಟವು ಚರಿತ್ರೆಗೆ ತಕ್ಕ ವಿಷಯವಲ್ಲವೆಂಬ ಸಂಕೋಚವೂ ಇದಕ್ಕೆ ಕಾರಣವಾಗಿರಬಹುದು. ಆದರೆ ರೈಲು ಬಂದು ಜಾತಿಯ ಕಟ್ಟು ಸಡಿಲವಾಯಿತೆಂಬ ಮಾತನ್ನು ನಮ್ಮ ತರಗತಿಗಳಲ್ಲಿ ಬಹುಕಾಲದಿಂದ ಹೇಳುತ್ತ ಬಂದಿದ್ದೇವೆ. ಈ ಮಾತಿನ ವಂಶಾವಳಿ ದೊಡ್ಡದು. ರೈಲ್ವೆಯಿಂದ ಹುಟ್ಟುವ ಆಧುನಿಕ ಕೈಗಾರಿಕೆಯು ಜಾತಿಗೆ ಆಧಾರವಾದ ವಂಶಪಾರಂಪರ್ಯದ ಶ್ರಮವಿಭಾಗವನ್ನು ಕರಗಿಸುವುದೆಂದು ಕಾರ್ಲ್ ಮಾರ್ಕ್ಸ್ ೧೮೫೩ರಲ್ಲಿಯೇ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬರೆದಿದ್ದನು. ಈ ಅಭಿಪ್ರಾಯವನ್ನು ಒರೆಗೆ ಹಚ್ಚಲು ಊಟದ ಎಲೆಗಿಂತ ಒಳ್ಳೆಯ ಸ್ಥಳವಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ನಿಲ್ದಾಣಗಳಿಂದ ಹೊರಟು, ಅಲ್ಲಿಂದ ಮುಂಬಯಿಗೂ ಮುಂಬಯಿಯಿಂದ ಕಡಲಾಚೆಗೂ ಹೋಗುವ ಪ್ರಯಾಣಿಕನ ಊಟವನ್ನು ಅನುಸರಿಸುವುದು ಪ್ರಕೃತ ಲೇಖನದ ಉದ್ದೇಶ.

ಮಾರ್ಗದ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೮೭೬–೭೮ರ ಮಹಾಕ್ಷಾಮದ ಪೆಟ್ಟಿನಿಂದ ಚೇತರಿಸಿಕೊಳ್ಳುತ್ತಿದ್ದ ಸಂಸ್ಥಾನವು ೧೮೮೪ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಹಳಿ ಹಾಕಿತು. ಮುಂದಿನ ಕೆಲಸಕ್ಕೆ ಹಣವಿಲ್ಲದೆ ೧೮೮೬ರಲ್ಲಿ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ ಕಂಪೆನಿಗೆ ಒಪ್ಪಿಸಲಾಯಿತು. ೧೮೮೯ರಲ್ಲಿ ಹಳಿಯು ಹರಿಹರವನ್ನು ಮುಟ್ಟಿದಾಗ ಕಡೂರು ಮತ್ತು ಅಜ್ಜಂಪುರಗಳು ಬೆಂಗಳೂರು–ಪುಣೆ ಹೆದ್ದಾರಿಯಂತಿದ್ದ ಮೀಟರ್ ಗೇಜ್ ಮಾರ್ಗದ ಮೇಲೆ ಬಂದುವು. ಕಡೂರಿನಿಂದ ಆರು ಕಿಲೋಮೀಟರು ದೂರದ ಬೀರೂರಿನಲ್ಲಿ ಕವಲೊಡೆದ ಶಿವಮೊಗ್ಗೆಯ ಶಾಖೆಯು ೧೮೯೯ರಲ್ಲಿ ತೆರೆಯಿತು. ತರೀಕೆರೆಯು ಈ ಶಾಖೆಯ ಮೇಲಿನ ಊರು. ೧೯೦೮ರಲ್ಲಿ ಕಂಪೆನಿಯು ಮದರಾಸು ರೈಲ್ವೆಯೊಡನೆ ಕೂಡಿಕೊಂಡಿತು. ೧೯೩೮ರಲ್ಲಿ ಬೆಂಗಳೂರು–ಹರಿಹರ ಮಾರ್ಗದ ಆಡಳಿತವನ್ನು ಸಂಸ್ಥಾನವೇ ವಹಿಸಿಕೊಂಡಿತು. ೧೯೫೧ರಲ್ಲಿ ಎಲ್ಲವೂ ದಕ್ಷಿಣ ರೈಲ್ವೆಯಲ್ಲಿ ಸೇರಿದುವು. ೧೯೩೮ನೆಯ ವರ್ಷವನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಅದರ ಪ್ರಯೋಜನ ಮುಂದೆ ಬರುವುದು.

ರೈಲು ಬರುವ ಮುನ್ನ ದಾರಿಹೋಕನ ಊಟಕ್ಕೆ ಎರಡೇ ಆಸರೆಗಳಿದ್ದುವು: ಛತ್ರ ಮತ್ತು ಬುತ್ತಿ. ಛತ್ರದಲ್ಲಿ ಬೆಂದ ಅನ್ನವು ಬ್ರಾಹ್ಮಣನಿಗೆ ಸಲ್ಲುತ್ತಿದ್ದಿತು. ಇತರರಿಗೆ ಸದಾವರ್ತಿಯೆಂಬ ಹೆಸರಿನಲ್ಲಿ ಅಕ್ಕಿ, ಬೇಳೆ, ಉಪ್ಪು, ಮೆಣಸಿನಕಾಯಿಗಳ ಪಡಿಯನ್ನು ಅಳೆದುಕೊಡುವ ಪದ್ಧತಿ ಸಾಮಾನ್ಯವಾಗಿದ್ದಿತು. ಪಡಿ ಪಡೆದವನು ಮರದ ನೆರಳಿನಲ್ಲಿ ಮೂರು ಕಲ್ಲು ಹೂಡಿ ತಾನೇ ಬೇಯಿಸಿಕೊಳ್ಳಬೇಕು. ಇಲ್ಲಿ ಧರ್ಮವಿದ್ದಿತು, ಪಂಕ್ತಿಯಿರಲಿಲ್ಲ. ಬುತ್ತಿಯ ಶಾಸ್ತ್ರವಾದರೋ ಇನ್ನೂ ಸೂಕ್ಷ್ಮವಾದುದು. ಅದರ ಕೀಲಿಯು ಮುಸುರೆ ಎಂಬ ಒಂದು ಮಾತಿನಲ್ಲಿದೆ. ನೀರಿನಲ್ಲಿ ಬೆಂದ ಅನ್ನ ಮುಸುರೆ. ಅದನ್ನು ಮುಟ್ಟಿದ ಕೈಯನ್ನು ತೊಳೆಯಬೇಕು, ಇಟ್ಟ ನೆಲವನ್ನು ಸಾರಿಸಬೇಕು, ಬೇರೆಯವರ ಕೈಯಿಂದ ಅದನ್ನು ತೆಗೆದುಕೊಳ್ಳಲಾಗದು. ಅವಲಕ್ಕಿ, ಅರಳಿಟ್ಟು, ಹುರಿಗಡಲೆ, ಹಣ್ಣು, ಬೆಲ್ಲ ಇವು ಮುಸುರೆಯಲ್ಲ. ಎಣ್ಣೆಯಲ್ಲಿ ಕರಿದ ಕೋಡುಬಳೆ ಚಕ್ಕುಲಿಗಳ ವಿಷಯದಲ್ಲಿ ಮನೆಮನೆಗೆ ನಿಯಮ ಬೇರೆ. ಆದುದರಿಂದ ದೂರದ ಪ್ರಯಾಣಕ್ಕೆ ಯಾವ ತಿಂಡಿಯನ್ನು ಕಟ್ಟಬೇಕೆಂಬುದು ರುಚಿಯಿಂದಲೋ ಕೆಡದೆ ಉಳಿಯುವ ಗುಣದಿಂದಲೋ ಮಾತ್ರ ನಿರ್ಧಾರವಾಗುತ್ತಿರಲಿಲ್ಲ. ಬಯಲುಸೀಮೆಗೆ ಮುಖಮಾಡಿದ ಅಜ್ಜಂಪುರದ ಒಕ್ಕಲಿಗನ ಗಂಟಿನಲ್ಲಿ ರೊಟ್ಟಿ ಚಟ್ನಿಪುಡಿಗಳೂ, ಮಲೆನಾಡಿನ ಅಂಚಿನ ತರೀಕೆರೆಯ ಕಡೆಯವನ ಗಂಟಿನಲ್ಲಿ ಅಕ್ಕಿಯ ಪದಾರ್ಥಗಳೂ ಇರುವುದು ನೆಲದ ಗುಣ; ಆ ಗಂಟನ್ನು ಬಿಚ್ಚಲು ಎಲ್ಲಿ, ಯಾರಿಗೆ ಬೆನ್ನುಮಾಡಿ ಕುಳಿತುಕೊಳ್ಳಬೇಕೆಂಬುದು ಜಾತಿಯ ಗುಣ.

ರೈಲ್ವೆಯು ಈ ವ್ಯವಸ್ಥೆಯೊಳಕ್ಕೆ ಒಂದು ಹೊಸ ತೊಡಕನ್ನು ತಂದಿತು. ಮೂರನೆಯ ತರಗತಿಯ ಡಬ್ಬಿಯಲ್ಲಿ ಹಲಗೆಯ ಪೀಠ ಒಂದೇ. ಟಿಕೇಟು ಕೊಂಡವರೆಲ್ಲರೂ ಅದರ ಮೇಲೆ ಭುಜಕ್ಕೆ ಭುಜ ತಾಗಿ ಕುಳಿತರು. ಪಠ್ಯಪುಸ್ತಕದ ಮಾತು ಇಲ್ಲಿಯವರೆಗೆ ನಿಜ. ಆದರೆ ಅಂದಿನ ಗಾಡಿಗಳಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಳಗಿನಿಂದಲೇ ಹೋಗುವ ದಾರಿಯಿರಲಿಲ್ಲ. ಆದುದರಿಂದ ಉಣ್ಣಬೇಕಾದವನು ನಿಲ್ದಾಣದಲ್ಲಿ ಇಳಿಯಲೇಬೇಕಾಗಿದ್ದಿತು. ಇಳಿದೊಡನೆ ಡಬ್ಬಿಯ ಒಳಗೆ ಕೂಡಿದ್ದ ಜನ ಪ್ಲಾಟ್‌ಫಾರಮ್ಮಿನ ಮೇಲೆ ಮತ್ತೆ ಬೇರೆಬೇರೆಯಾದರು. ಕೂಡಿಸಿದುದು ಎಂಜಿನ್, ಬೇರ್ಪಡಿಸಿದುದು ಒಲೆ.

ಊಟದ ಕೋಣೆಗಳನ್ನು ರೈಲ್ವೆ ಕಂಪೆನಿಗಳು ಬಹುಮಟ್ಟಿಗೆ ಗುತ್ತಿಗೆಗೆ ಕೊಡುತ್ತಿದ್ದುವು. ದಕ್ಷಿಣದಲ್ಲಿ ಸ್ಪೆನ್ಸರ್, ಮುಂಬಯಿಯ ಕಡೆಯ ಮಾರ್ಗಗಳಲ್ಲಿ ಬ್ರಾಂಡನ್, ಬಂಗಾಳದ ಕಡೆ ಕೆಲ್ನರ್ ಎಂಬ ಸಂಸ್ಥೆಗಳು ಯೂರೋಪಿಯನ್ ಪದ್ಧತಿಯ ಊಟಕ್ಕೆ ಹೆಸರಾಗಿದ್ದುವು. ಮೇಜು, ಬಿಳಿಯ ಹೊದಿಕೆ, ಸೂಪು, ಕಟ್ಲೆಟ್, ಸಾರಿಗೆ ಸಮೀಪದ ಮುಳಿಗತಾನಿ: ಇವೆಲ್ಲ ಮೇಲಿನ ತರಗತಿಯವರಿಗೆ. ಭಾರತೀಯರ ಊಟದ ಕೋಣೆಗಳು ಬೇರೆ. ಮದರಾಸಿನ ಸೀಮೆಯಲ್ಲಿ ಅವುಗಳೊಳಗೂ ಬ್ರಾಹ್ಮಣರಿಗೆ ಒಂದು ಭಾಗ, ಇತರರಿಗೆ ಒಂದು ಭಾಗ ಎಂಬ ಹಲಗೆಗಳು ತೂಗಾಡುತ್ತಿದ್ದುವು. ಉತ್ತರದ ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸಲ್ಮಾನ ನೀರು ಎಂಬ ಕೂಗು ಕೇಳುತ್ತಿದ್ದಿತು. ಎಲ್ಲ ಹಿಂದೂಗಳೂ ಆಕ್ಷೇಪವಿಲ್ಲದೆ ಕುಡಿಯಲೆಂದು ಬ್ರಾಹ್ಮಣನನ್ನೇ ನೀರಿನವನನ್ನಾಗಿ ನೇಮಿಸುವ ರೂಢಿಯೂ ಅಲ್ಲಿದ್ದಿತು. ಲಾಭವನ್ನೇ ನೋಡುವ ಕಂಪೆನಿಗೆ ಜಾತಿಯನ್ನು ಮುರಿಯುವ ಉತ್ಸಾಹವೂ ಇರಲಿಲ್ಲ, ಕಾಪಾಡುವ ಶ್ರದ್ಧೆಯೂ ಇರಲಿಲ್ಲ. ಗಿರಾಕಿಗೆ ಬೇಕಾದಷ್ಟು ಬಾಗಿಲುಗಳನ್ನು ಅದು ತೆರೆಯಿತು, ಅಷ್ಟೆ. ಯಾವ ಬಾಗಿಲಿನಿಂದಲೂ ಒಳಗೆ ಬಿಡಿಸಿಕೊಳ್ಳದವನು ಟಿಕೇಟಿನ ಹಣವನ್ನು ಮಾತ್ರ ಇತರರ ಸಮನಾಗಿ ಕೊಡುತ್ತಿದ್ದನು.

ತರಗತಿಯ ಅಂತರವನ್ನು ಗಾಂಧೀಜಿಯವರು ೧೯೧೭ರಲ್ಲಿ ಮೂರನೆಯ ತರಗತಿಯ ಪ್ರಯಾಣವನ್ನು ಕುರಿತು ಬರೆದ ಲೇಖನದಲ್ಲಿ ಲೆಕ್ಕಹಾಕಿ ತೋರಿಸಿದ್ದಾರೆ. ಮುಂಬಯಿಯಿಂದ ಮದರಾಸಿಗೆ ಅವರು ಕೊಟ್ಟ ದರ ಹದಿಮೂರು ರೂಪಾಯಿ ಒಂಬತ್ತು ಆಣೆ. ಮೊದಲನೆಯ ತರಗತಿಯ ದರ ಅದರ ಐದುಪಟ್ಟಿಗೂ ಮೇಲೆ. ಸೌಕರ್ಯದಲ್ಲಿ ಐದನೆಯ ಒಂದು ಪಾಲಾದರೂ ಬಡವನಿಗೆ ದೊರೆಯುತ್ತಿದೆಯೇ ಎಂಬುದು ಅವರ ಪ್ರಶ್ನೆ. ದಾರಿಯಲ್ಲಿ ಮಾರುವ ಚಹಾದ ಕೊಳಕನ್ನೂ ಅವರು ಬಿಡದೆ ವರ್ಣಿಸಿದ್ದಾರೆ.

ಈಗ ನಮ್ಮ ಪ್ರಯಾಣಿಕನನ್ನು ಮುಂದಕ್ಕೆ ಕಳುಹಿಸೋಣ. ಕಡೂರು ಸೀಮೆಯ ಒಬ್ಬ ವಿದ್ಯಾರ್ಥಿಯು ಇಂಗ್ಲೆಂಡಿಗೆ ಹೋಗುವುದಾದರೆ ಮೀಟರ್ ಗೇಜ್ ಗಾಡಿಯಲ್ಲಿ ಬೀರೂರು, ಅಜ್ಜಂಪುರ, ಹರಿಹರ, ಹುಬ್ಬಳ್ಳಿ, ಬೆಳಗಾವಿಗಳನ್ನು ದಾಟಿ ಪುಣೆಯಲ್ಲಿ ಇಳಿದು, ದೊಡ್ಡ ಗೇಜಿನ ಗಾಡಿಗೆ ಬದಲಾಯಿಸಿ ಮುಂಬಯಿಯ ಬಂದರನ್ನು ಸೇರುತ್ತಿದ್ದನು. ೧೯೩೦ರಲ್ಲಿ ಪುಣೆ–ಮುಂಬಯಿ ನಡುವೆ ಆರಂಭವಾದ ಡೆಕ್ಕನ್ ಕ್ವೀನ್ ಗಾಡಿಯಲ್ಲಿ ಊಟದ ಬಂಡಿಯೇ ಇದ್ದಿತು. ಅಲ್ಲಿ ನಿಲ್ದಾಣದ ಅನೇಕ ಬಾಗಿಲುಗಳು ಇಲ್ಲವಾಗಿ ಹಣದ ಬಾಗಿಲೊಂದೇ ಉಳಿಯಿತು. ಬಂದರಿನಲ್ಲಿ ಅವನ ಮುಂದೆ ಆಯ್ಕೆಗಳಿದ್ದುವು. ಪಿ. ಅಂಡ್ ಓ. ಕಂಪೆನಿಯ ಹಡಗು ಎಲ್ಲಕ್ಕಿಂತ ಪ್ರತಿಷ್ಠಿತವಾದುದು. ಗ್ಲಾಸ್ಗೋದ ಆಂಕರ್ ಲೈನ್ ಇನ್ನೊಂದು. ಇಟಲಿಯ ಲಾಯ್ಡ್ ಟ್ರಿಯೆಸ್ಟೀನೋ ಮತ್ತೊಂದು. ೧೯೩೧ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಗಾಂಧೀಜಿಯವರು ಪಿ. ಅಂಡ್ ಓ. ಕಂಪೆನಿಯ ರಾಜಪುತಾನಾ ಹಡಗಿನಲ್ಲಿ ಹೋಗಿ, ಇಟಲಿಯ ಕಂಪೆನಿಯ ಪಿಲ್ಸ್ನಾ ಹಡಗಿನಲ್ಲಿ ಹಿಂದಿರುಗಿದರು.

ಹಡಗಿನ ಊಟಕ್ಕೂ ರೈಲಿನ ಊಟಕ್ಕೂ ಇರುವ ಮುಖ್ಯ ವ್ಯತ್ಯಾಸ ಭಕ್ಷ್ಯಗಳ ಪಟ್ಟಿಯಲ್ಲಿಲ್ಲ, ದರದ ರೀತಿಯಲ್ಲಿದೆ. ರೈಲಿನಲ್ಲಿ ಊಟವನ್ನು ಬೇರೆಯಾಗಿ ಕೊಳ್ಳಬೇಕು, ಕೊಳ್ಳದವನಿಗೆ ನಷ್ಟವಿಲ್ಲ. ಹಡಗಿನ ಮೇಲ್ತರಗತಿಗಳಲ್ಲಿ ಊಟದ ಬೆಲೆಯು ಟಿಕೇಟಿನೊಳಗೇ ಸೇರಿತ್ತು. ಅದನ್ನು ನಿರಾಕರಿಸಿದವನು ಹಣ ಕೊಟ್ಟೂ ಉಪವಾಸವಿದ್ದಂತೆ. ೧೮೮೮ರಲ್ಲಿ ಕ್ಲೈಡ್ ಎಂಬ ಹಡಗಿನಲ್ಲಿ ಹೊರಟ ತರುಣ ಗಾಂಧಿಯವರಿಗೆ ಆದುದು ಇದೇ. ಮುಳ್ಳುಚಮಚ ಹಿಡಿಯಲು ತಿಳಿಯದು, ಯಾವ ಭಕ್ಷ್ಯದಲ್ಲಿ ಮಾಂಸವಿಲ್ಲವೆಂದು ಕೇಳಲು ಸಂಕೋಚ. ಮೇಜಿನ ಬಳಿಗೆ ಹೋಗದೆ, ತಂದಿದ್ದ ಸಿಹಿತಿಂಡಿ ಹಣ್ಣುಗಳನ್ನೇ ಬಹುಮಟ್ಟಿಗೆ ಕೋಣೆಯಲ್ಲಿ ತಿಂದು ಅವರು ದಿನಗಳನ್ನು ಕಳೆದರು. ಬುತ್ತಿಯ ಶಾಸ್ತ್ರವು ಅರಬ್ಬೀ ಸಮುದ್ರದ ಮೇಲೂ ಜೊತೆಗೆ ಬಂದಿದ್ದಿತು. ಇದರ ಮತ್ತೊಂದು ತುದಿಯನ್ನು ಜಯಪುರದ ಮಹಾರಾಜ ಎರಡನೆಯ ಮಾಧೋಸಿಂಗರಲ್ಲಿ ಕಾಣುತ್ತೇವೆ. ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ೧೯೦೨ರಲ್ಲಿ ಹೊರಟ ಅವರು ಒಲಿಂಪಿಯಾ ಎಂಬ ಹಡಗನ್ನೇ ಬಾಡಿಗೆಗೆ ಹಿಡಿದು, ಬೃಹದಾಕಾರದ ಬೆಳ್ಳಿಯ ಹಂಡೆಗಳಲ್ಲಿ ಗಂಗಾಜಲವನ್ನು ತುಂಬಿಸಿಕೊಂಡು ಹೋದರು. ಒಬ್ಬನದು ಬಡವನ ಮಡಿ, ಇನ್ನೊಬ್ಬರದು ಅರಸನ ಮಡಿ. ಉಳಿದವರು ಇವೆರಡರ ನಡುವೆ ಎಲ್ಲಿಯೋ ಒಂದು ಕಡೆ ರಾಜಿಯಾದರು. ಹಡಗಿನ ಮೇಜಿಗೆ ಪಂಕ್ತಿಭೇದ ತಿಳಿಯದು. ಪಿ. ಅಂಡ್ ಓ. ಹಡಗುಗಳಲ್ಲಿ ಬಡಿಸುತ್ತಿದ್ದವರು ಹೆಚ್ಚಾಗಿ ಗೋವೆಯ ಕ್ರೈಸ್ತರು. ಅವರ ಕೈಯಿಂದ ಅನ್ನ ತೆಗೆದುಕೊಂಡವನು ಊರಿಗೆ ಮರಳಿದ ಮೇಲೆ ಪ್ರಾಯಶ್ಚಿತ್ತದ ಪ್ರಶ್ನೆಯನ್ನು ಎದುರಿಸಬೇಕಾಗುತ್ತಿದ್ದಿತು. ಸಮುದ್ರಯಾನದ ವಿವಾದದಲ್ಲಿ ಕಡಲಿಗಿಂತ ಅನ್ನದ ಪಾತ್ರವೇ ದೊಡ್ಡದೆಂದು ನನ್ನ ಅಭಿಪ್ರಾಯ.

ಆದರೆ ಹಡಗಿನಲ್ಲಿ ಎಲ್ಲರೂ ಮೇಜಿನ ಮುಂದೆ ಕುಳಿತಿರಲಿಲ್ಲ ಎಂಬುದನ್ನು ಮರೆಯಬಾರದು. ರಂಗೂನು, ಪಿನಾಂಗುಗಳಿಗೆ ಕೂಲಿಗೆ ಹೋದವರೂ, ಮಂಗಳೂರಿನಿಂದ ಮುಂಬಯಿಗೆ ಕರಾವಳಿಯ ಹಡಗಿನಲ್ಲಿ ಹೋದ ಹುಡುಗರೂ ಡೆಕ್ಕಿನ ಪ್ರಯಾಣಿಕರು. ತಮ್ಮ ಚಾಪೆ, ತಮ್ಮ ತಂಬಿಗೆ, ಬಹುಮಟ್ಟಿಗೆ ತಮ್ಮದೇ ಬುತ್ತಿ. ಡೆಕ್ಕಿನ ಊಟಕ್ಕೂ ಅಜ್ಜಂಪುರದಲ್ಲಿ ಹತ್ತಿದ ಮೂರನೆಯ ತರಗತಿಯ ಊಟಕ್ಕೂ ಭೇದ ಕಡಮೆ. ಹಾಗೆಯೇ ಸಲೂನಿನ ಊಟಕ್ಕೂ ಸ್ಪೆನ್ಸರ್ ಕೋಣೆಯ ಊಟಕ್ಕೂ ಭೇದ ಕಡಮೆ. ಕಂಪೆನಿ ಕಂಪೆನಿಗಳ ನಡುವಣ ತುಲನೆಗಿಂತ ಒಂದೇ ಕಂಪೆನಿಯ ಮೇಲಿನ ಮತ್ತು ಕೆಳಗಿನ ತರಗತಿಗಳ ತುಲನೆಯೇ ಚರಿತ್ರಕಾರನಿಗೆ ಹೆಚ್ಚು ತಿಳಿಸುತ್ತದೆ.

ಪ್ರಾಸಂಗಿಕವಾಗಿ ಕಾಫಿಯ ಮಾತು. ಬಾಬಾಬುಡನ್ ಗಿರಿಯ ಶ್ರೇಣಿ ಇರುವುದು ಈ ಜಿಲ್ಲೆಯಲ್ಲಿಯೇ. ತರೀಕೆರೆಯ ಕಡೆಗೆ ಹೋಗುವ ಗಾಡಿಯಿಂದ ಅದು ಕಾಣುತ್ತದೆ. ಕಾಫಿಯ ಬೀಜ ಈ ದೇಶಕ್ಕೆ ಮೊದಲು ಬಂದುದು ಅಲ್ಲಿಗೇ ಎಂದು ಪ್ರತೀತಿ. ಹೀಗಿದ್ದೂ ರೈಲ್ವೆ ನಿಲ್ದಾಣಗಳಲ್ಲಿ ಸಂಘಟಿತ ಪ್ರಚಾರದ ಬಲದಿಂದ ದೇಶಾದ್ಯಂತ ಹಬ್ಬಿದುದು ಚಹಾ. ಚಹಾದ ವ್ಯಾಪಾರಿಗಳು ೧೯೦೩ರ ಸೆಸ್ ಕಾಯಿದೆಯಿಂದ ಪ್ರಚಾರಕ್ಕೆ ಹಣ ಕೂಡಿಸಿಕೊಂಡರು; ಕಾಫಿಗೆ ಅಂಥ ಸೆಸ್ ಬಂದುದು ೧೯೩೫ರಲ್ಲಿ. ಕಾಫಿಯನ್ನು ಹಬ್ಬಿಸಿದುದು ನಮ್ಮಲ್ಲಿ ಹೋಟೆಲು. ಆ ಹೋಟೆಲಿನ ಹೆಸರುಗಳನ್ನೂ ನೋಡಬೇಕು: ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮು ೧೯೨೪ರಲ್ಲಿ ಆರಂಭವಾದುದು ಬ್ರಾಹ್ಮಣರ ಕಾಫಿ ಕ್ಲಬ್ಬೆಂಬ ಹೆಸರಿನಿಂದ. ಅಡಿಗೆಯವನು ಯಾರೆಂದು ಹಲಗೆಯೇ ಭರವಸೆ ಕೊಡುತ್ತಿದ್ದಿತು.

ಬಾಗಿಲುಗಳು ಮುಚ್ಚಿದುದು ಹೇಗೆ? ತಾವಾಗಿ ಮುಚ್ಚಲಿಲ್ಲ. ಪೆರಿಯಾರ್ ಇ. ವಿ. ರಾಮಸ್ವಾಮಿಯವರ ಸ್ವಾಭಿಮಾನ ಚಳವಳಿಯ ಹೋರಾಟದ ಫಲವಾಗಿ ಮದರಾಸಿನ ಕಡೆಯ ರೈಲ್ವೆ ನಿಲ್ದಾಣಗಳಲ್ಲಿ ಬ್ರಾಹ್ಮಣರು, ಇತರರು ಎಂಬ ವಿಭಾಗವು ೧೯೪೧ರಲ್ಲಿ ರದ್ದಾಯಿತು. ಇಲ್ಲಿ ಎಚ್ಚರ ಬೇಕು. ಆ ವೇಳೆಗೆ ಕಡೂರು, ಅಜ್ಜಂಪುರಗಳ ಮಾರ್ಗವು ಕಂಪೆನಿಯ ಕೈಬಿಟ್ಟು ಮೂರು ವರ್ಷಗಳಾಗಿದ್ದುವು. ಮದರಾಸಿನ ಕಂಪೆನಿಯ ನಿಲ್ದಾಣಗಳಲ್ಲಿ ಆದುದನ್ನು ಹಾಗೆಯೇ ಮೈಸೂರಿನ ನಿಲ್ದಾಣಗಳಿಗೆ ಆರೋಪಿಸುವುದು, ಕೆಲವು ಬರಹಗಳಲ್ಲಿ ಕಾಣುವಂತೆ, ಸರಿಯಾದ ಕ್ರಮವಲ್ಲ. ದೇಶಕ್ಕೆಲ್ಲ ಅನ್ವಯಿಸುವ ನಿಯಮ ಬಂದುದು ೧೯೫೦ರ ಸಂವಿಧಾನದಿಂದ. ಅದರ ಹದಿನೈದನೆಯ ಅನುಚ್ಛೇದವು ಅಂಗಡಿ, ಸಾರ್ವಜನಿಕ ಊಟದ ಮನೆ, ಹೋಟೆಲುಗಳ ಪ್ರವೇಶದಲ್ಲಿ ಜಾತಿಯ ತಡೆಯನ್ನು ನಿಷೇಧಿಸಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಇಂಥ ತಡೆಗೆ ಶಿಕ್ಷೆ ವಿಧಿಸಿತು. ಅದೇ ಹೊತ್ತಿಗೆ, ೧೯೫೪ರ ಅಳಗೇಶನ್ ಸಮಿತಿಯ ಪರಿಶೀಲನೆಯ ಬಳಿಕ, ರೈಲ್ವೆ ಇಲಾಖೆಯು ಕೆಲವೆಡೆ ಊಟದ ಏರ್ಪಾಡನ್ನು ಗುತ್ತಿಗೆದಾರರಿಂದ ತಾನೇ ವಹಿಸಿಕೊಳ್ಳತೊಡಗಿತು. ಹಳಿ ಬಂದುದಕ್ಕೂ ಈ ಕಾಯಿದೆಗೂ ನಡುವೆ ಕಡೂರಿನ ಮಟ್ಟಿಗೆ ಅರವತ್ತಾರು ವರ್ಷಗಳ ಅಂತರ. ಜಾತಿಯನ್ನು ರೈಲು ಕರಗಿಸಿತೆನ್ನುವವರು ಈ ಅರವತ್ತಾರು ವರ್ಷಗಳಿಗೆ ಲೆಕ್ಕ ಕೊಡಬೇಕಾಗುತ್ತದೆ. ರೈಲು ಮಾಡಿದ ಉಪಕಾರ ಬೇರೆ: ಮನೆಯ ಒಳಗೂ ಛತ್ರದ ಜಗಲಿಯ ಮೇಲೂ ಅಡಗಿದ್ದ ಭೇದವನ್ನು ಅದು ಬರೆದ ಹಲಗೆಯನ್ನಾಗಿ ಮಾಡಿ ಹಾದಿಬೀದಿಯಲ್ಲಿ ತೂಗುಹಾಕಿತು. ಬರೆದುದನ್ನು ಅಳಿಸೆಂದು ಕೇಳಲು ಬರುತ್ತದೆ.

ಮೀಟರ್ ಗೇಜಿನ ಹಳಿಗಳು ೧೯೯೦ರ ದಶಕದಲ್ಲಿ ಅಗಲವಾದುವು. ರೈಲ್ವೆಯ ಊಟದ ಹೊಣೆಗೆಂದು ೧೯೯೯ರಲ್ಲಿ ಪ್ರತ್ಯೇಕ ನಿಗಮವೇ ಸ್ಥಾಪಿತವಾಯಿತು. ೨೦೧೩ರಲ್ಲಿ ಚಿಕ್ಕಮಗಳೂರಿನ ಶಾಖೆ ತೆರೆದು ಕಡೂರೂ ಒಂದು ಜಂಕ್ಷನ್ ಆಯಿತು. ಊಟ ಕೊಡುವ ಗಾಡಿಗಳಲ್ಲಿ ಈಗ ಬಡಿಸುವವನು ಕೇಳುವ ಪ್ರಶ್ನೆ ಒಂದೇ, ಸಸ್ಯಾಹಾರವೋ ಮಾಂಸಾಹಾರವೋ ಎಂದು. ಬೇಯಿಸಿದವರಾರೆಂದು ಪ್ರಯಾಣಿಕನು ಮರುಪ್ರಶ್ನೆ ಹಾಕುವುದಿಲ್ಲ. ಕಾದಿರಿಸದ ಡಬ್ಬಿಗಳಲ್ಲಿ ಅಜ್ಜಂಪುರದವರೂ ತರೀಕೆರೆಯವರೂ ಇಂದಿಗೂ ಗಂಟು ಬಿಚ್ಚುತ್ತಾರೆ, ಎದುರಿನವರಿಗೂ ಒಂದು ತುಂಡು ನೀಡುತ್ತಾರೆ. ಮುಸುರೆ ಎಂಬ ಮಾತಿನ ಅರ್ಥವನ್ನು ನನ್ನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತರಗತಿಯಲ್ಲಿ ವಿವರಿಸಿ ಹೇಳಬೇಕಾಗುತ್ತದೆ. ಅದರ ಅರ್ಥವನ್ನು ಕೇಳದೆಯೇ ತಿಳಿದಿರುವ ಮನೆಗಳೂ ಇದೇ ಊರುಗಳಲ್ಲಿವೆ.