ನಿವೃತ್ತ ಪ್ರಯಾಣಿಕ ವಿಮಾನಗಳನ್ನು ಕಾಡ್ಗಿಚ್ಚು ನಂದಿಸುವ ಟ್ಯಾಂಕರ್‌ಗಳಾಗಿ ಮಾರ್ಪಡಿಸುವ ಕುರಿತು ಮಾಹಿತಿ

1. ಹಿನ್ನೆಲೆ

ಕರ್ನಾಟಕದ ಎಲೆ ಉದುರುವ ಕಾಡುಗಳಲ್ಲಿ ಬೇಸಿಗೆಯ ತಿಂಗಳುಗಳು ಕಾಡ್ಗಿಚ್ಚಿನ ಕಾಲವಾಗಿರುತ್ತವೆ. ಒಣಗಿದ ಹುಲ್ಲು, ತರಗೆಲೆ ಹಾಗೂ ಲಂಟಾನ ಪೊದೆಗಳು ಬೆಂಕಿಯನ್ನು ವೇಗವಾಗಿ ಹರಡುತ್ತವೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಕರ್ತವ್ಯದಲ್ಲಿರುವಾಗಲೇ ಪ್ರಾಣ ಕಳೆದುಕೊಂಡರು. 2019ರ ಫೆಬ್ರವರಿಯಲ್ಲಿ ಅದೇ ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರ್‌ಗೂ ಹೆಚ್ಚು ಕಾಡು ಸುಟ್ಟುಹೋಯಿತು. ಆ ತಿಂಗಳ 25ರಂದು ಭಾರತೀಯ ವಾಯುಪಡೆಯ ಎರಡು ಎಂಐ-17 ಹೆಲಿಕಾಪ್ಟರ್‌ಗಳು ತೂಗುಬಕೆಟ್‌ನಲ್ಲಿ ನೀರನ್ನು ತಂದು ಬೆಂಕಿಯ ಮೇಲೆ ಸುರಿದವು. ತದನಂತರ, ವಿದೇಶಗಳಲ್ಲಿರುವಂತೆ ದೊಡ್ಡ ವಿಮಾನಗಳನ್ನು ಇಲ್ಲಿಯೂ ಏಕೆ ಬಳಸಬಾರದು ಎಂಬ ಪ್ರಶ್ನೆ ಸಹಜವಾಗಿದೆ. ಸದರಿ ವಿಷಯದ ಬಗ್ಗೆ ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

2. ಟ್ಯಾಂಕರ್ ವಿಮಾನದ ಕಾರ್ಯ

ಟ್ಯಾಂಕರ್ ವಿಮಾನವು ನೀರನ್ನು ಅಥವಾ ಬೆಂಕಿ ತಡೆ ದ್ರಾವಣವನ್ನು ಸಾಗಿಸುತ್ತದೆ. ಈ ದ್ರಾವಣದಲ್ಲಿ ನೀರು, ಗೊಬ್ಬರದಲ್ಲಿ ಬಳಸುವ ಅಮೋನಿಯಂ ಫಾಸ್ಫೇಟ್ ಮಾದರಿಯ ಲವಣಗಳು ಮತ್ತು ಸುರಿದ ಜಾಗ ಮೇಲಿನಿಂದ ಕಾಣುವಂತೆ ಕೆಂಪು ಬಣ್ಣ ಇರುತ್ತವೆ. ದ್ರಾವಣವನ್ನು ಸಾಮಾನ್ಯವಾಗಿ ಜ್ವಾಲೆಯ ಮೇಲೆ ಸುರಿಯುವುದಿಲ್ಲ. ಬೆಂಕಿ ಮುನ್ನುಗ್ಗುವ ದಿಕ್ಕಿನಲ್ಲಿ ಮುಂಚಿತವಾಗಿಯೇ ಉದ್ದನೆಯ ಪಟ್ಟಿಯಂತೆ ಸುರಿಯಲಾಗುತ್ತದೆ. ಇದರಿಂದ ಬೆಂಕಿಯ ವೇಗ ತಗ್ಗಿ, ನೆಲದ ಮೇಲಿನ ಸಿಬ್ಬಂದಿಗೆ ಬೆಂಕಿ ರೇಖೆ ನಿರ್ಮಿಸಲು ಕಾಲಾವಕಾಶ ದೊರೆಯುತ್ತದೆ. ವಿಮಾನವೊಂದರಿಂದಲೇ ಕಾಡ್ಗಿಚ್ಚು ಪೂರ್ಣವಾಗಿ ಆರುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು.

3. ಮಾರ್ಪಾಡಿನ ಹಂತಗಳು

(ಅ) ಆಯ್ಕೆ: ವಿಮಾನವು ಈವರೆಗೆ ಹಾರಿದ ಗಂಟೆಗಳು, ಇಳಿದೇರಿದ ಬಾರಿಗಳು ಮತ್ತು ರೆಕ್ಕೆಗಳ ಉಳಿದ ಬಾಳಿಕೆಯನ್ನು ಪರಿಶೀಲಿಸಲಾಗುತ್ತದೆ.

(ಆ) ತೆರವು: ಆಸನಗಳು, ಅಡುಗೆ ಕಟ್ಟೆ, ಶೌಚಾಲಯ ಮುಂತಾದವುಗಳನ್ನು ತೆಗೆದು ತೂಕವನ್ನು ಇಳಿಸಲಾಗುತ್ತದೆ.

(ಇ) ಟ್ಯಾಂಕ್ ಅಳವಡಿಕೆ: ಟ್ಯಾಂಕನ್ನು ವಿಮಾನದ ಒಳಗೆ ಅಥವಾ ಹೊಟ್ಟೆಯ ಕೆಳಭಾಗದಲ್ಲಿ ಜೋಡಿಸಲಾಗುತ್ತದೆ. ಭಾರವು ರೆಕ್ಕೆಗಳ ಸಮೀಪದಲ್ಲಿಯೇ ಇರಬೇಕು; ಇಲ್ಲವಾದಲ್ಲಿ ದ್ರಾವಣ ಸುರಿದ ಕೂಡಲೇ ಸಮತೋಲನ ತಪ್ಪುತ್ತದೆ. ದ್ರವ ಹೊಯ್ದಾಡದಂತೆ ಒಳಗೆ ತಡೆಹಲಗೆಗಳಿರುತ್ತವೆ.

(ಈ) ಸುರಿಯುವ ವ್ಯವಸ್ಥೆ: ಹರಿವು ಒಂದೇ ಸಮನಾಗಿರುವಂತೆ ಟ್ಯಾಂಕಿನ ಬಾಗಿಲುಗಳನ್ನು ಗಣಕಯಂತ್ರವು ನಿಯಂತ್ರಿಸುತ್ತದೆ. ಅಪಾಯದ ಸಂದರ್ಭದಲ್ಲಿ ಸಂಪೂರ್ಣ ದ್ರಾವಣವನ್ನು ಒಮ್ಮೆಲೇ ಚೆಲ್ಲಲು ಅವಕಾಶವಿರುತ್ತದೆ.

(ಉ) ಪರೀಕ್ಷೆ ಮತ್ತು ಪ್ರಮಾಣಪತ್ರ: ಅಮೆರಿಕದಲ್ಲಿ ಬಯಲಿನಲ್ಲಿ ಸಾಲುಸಾಲಾಗಿ ಲೋಟಗಳನ್ನಿಟ್ಟು, ಮೇಲಿನಿಂದ ಸುರಿದ ದ್ರವ ಪ್ರತಿ ಲೋಟದಲ್ಲಿ ಎಷ್ಟು ಸಂಗ್ರಹವಾಯಿತೆಂದು ಅಳೆಯಲಾಗುತ್ತದೆ. ಮೂಲ ವಿನ್ಯಾಸಕ್ಕೆ ಮಾಡಿದ ಬದಲಾವಣೆಗೆ ವಿಮಾನಯಾನ ಪ್ರಾಧಿಕಾರದ ಅನುಮೋದನೆಯೂ ಅವಶ್ಯಕ.

4. ಮಾರ್ಪಡಿಸಲಾದ ಪ್ರಮುಖ ವಿಮಾನಗಳು

- ಡಿಸಿ-10: 2006ರಲ್ಲಿ ಅಮೆರಿಕದಲ್ಲಿ ಸೇವೆಗೆ ಬಂದಿತು. ಆರಂಭಿಕ ಸಾಮರ್ಥ್ಯ ಸುಮಾರು 45,000 ಲೀಟರ್.
- ಬೋಯಿಂಗ್ 747-400: 1991ರಲ್ಲಿ ಜಪಾನ್ ಏರ್‌ಲೈನ್ಸ್‌ಗಾಗಿ ತಯಾರಾದ ವಿಮಾನ, ನಂತರ ಸರಕು ವಿಮಾನವಾಗಿ, ತದನಂತರ ಟ್ಯಾಂಕರ್ ಆಗಿ ಮಾರ್ಪಟ್ಟಿತು. ಸಾಮರ್ಥ್ಯ ಸುಮಾರು 72,000 ಲೀಟರ್. 2017ರಲ್ಲಿ ಚಿಲಿ ಹಾಗೂ 2019ರಲ್ಲಿ ಬೊಲಿವಿಯಾ ದೇಶಗಳಲ್ಲಿ ಬಳಸಲಾಯಿತು. 2021ರಲ್ಲಿ ಇದರ ಸೇವೆ ನಿಂತಿತು.
- ಬೋಯಿಂಗ್ 737-300: ಸಾಮರ್ಥ್ಯ ಸುಮಾರು 15,000 ಲೀಟರ್. ಅಗತ್ಯವಿದ್ದಾಗ ಸಿಬ್ಬಂದಿಯನ್ನು ಸಾಗಿಸಲು ಆಸನಗಳನ್ನೂ ಉಳಿಸಿಕೊಳ್ಳಲಾಗಿದೆ. 2019ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಸರ್ಕಾರವು ಇಂತಹ ಒಂದು ವಿಮಾನವನ್ನು ಖರೀದಿಸಿತು.
- ಆರ್‌ಜೆ85: ನಾಲ್ಕು ಎಂಜಿನ್‌ಗಳ ಸಣ್ಣ ಪ್ರಯಾಣಿಕ ವಿಮಾನ. ಸಾಮರ್ಥ್ಯ ಸುಮಾರು 11,000 ಲೀಟರ್.

5. ವೆಚ್ಚ ಮತ್ತು ಸುರಕ್ಷತೆ

ನಿವೃತ್ತ ವಿಮಾನದ ಖರೀದಿ ಬೆಲೆ ಹೊಸ ವಿಮಾನಕ್ಕಿಂತ ಬಹಳ ಕಡಿಮೆ. ಆದರೆ ಮಾರ್ಪಾಡು, ಪೈಲಟ್‌ಗಳ ತರಬೇತಿ, ನಿರ್ವಹಣೆ ಮತ್ತು ವಿಮೆಯ ವೆಚ್ಚಗಳನ್ನು ಬೆಂಕಿ ಇಲ್ಲದ ತಿಂಗಳುಗಳಲ್ಲಿಯೂ ಭರಿಸಬೇಕಾಗುತ್ತದೆ. ಆದ್ದರಿಂದ ಕೆಲವು ಸಂಸ್ಥೆಗಳು ಉತ್ತರಾರ್ಧಗೋಳದ ಬೇಸಿಗೆ ಮುಗಿದ ಮೇಲೆ ಅದೇ ವಿಮಾನವನ್ನು ಆಸ್ಟ್ರೇಲಿಯಾಕ್ಕೆ ಕಳುಹಿಸುತ್ತವೆ.

ದ್ರಾವಣವನ್ನು ನೆಲದಿಂದ ಸುಮಾರು 60 ಮೀಟರ್ ಎತ್ತರದಲ್ಲಿ, ಹೊಗೆ ಮತ್ತು ಗಾಳಿಯ ನಡುವೆ ಸುರಿಯಬೇಕಾಗುತ್ತದೆ. ಇದು ರೆಕ್ಕೆಗಳ ಮೇಲೆ ಹೆಚ್ಚಿನ ಒತ್ತಡವನ್ನುಂಟುಮಾಡುತ್ತದೆ. 2002ರಲ್ಲಿ ಅಮೆರಿಕದಲ್ಲಿ ಎರಡು ಹಳೆಯ ಟ್ಯಾಂಕರ್‌ಗಳ ರೆಕ್ಕೆಗಳು ಹಾರಾಟದಲ್ಲಿಯೇ ಮುರಿದು, ಅವುಗಳಲ್ಲಿದ್ದ ಎಲ್ಲ ಸಿಬ್ಬಂದಿ ಮೃತಪಟ್ಟರು. ಇವು ಮೂಲತಃ ಸೇನಾ ವಿಮಾನಗಳಾಗಿದ್ದವು. 2023ರ ಫೆಬ್ರವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ 737 ಟ್ಯಾಂಕರ್ ಒಂದು ಅಪಘಾತಕ್ಕೀಡಾಯಿತು. ಇಬ್ಬರು ಪೈಲಟ್‌ಗಳೂ ಪಾರಾದರು.

6. ಕರ್ನಾಟಕಕ್ಕೆ ಸಂಬಂಧಿಸಿದಂತೆ

ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ಇಸ್ರೇಲ್ ಏರೋಸ್ಪೇಸ್ ಇಂಡಸ್ಟ್ರೀಸ್ ಸಂಸ್ಥೆಯೊಂದಿಗೆ ಪ್ರಯಾಣಿಕ ವಿಮಾನಗಳನ್ನು ಬಹುಪಯೋಗಿ ಟ್ಯಾಂಕರ್‌ಗಳಾಗಿ ಪರಿವರ್ತಿಸುವ ಒಡಂಬಡಿಕೆಗೆ ಸಹಿ ಹಾಕಿತು. ಇಲ್ಲಿ ಟ್ಯಾಂಕರ್ ಎಂದರೆ ಆಗಸದಲ್ಲಿ ಇತರ ವಿಮಾನಗಳಿಗೆ ಇಂಧನ ತುಂಬುವ ಮತ್ತು ಸರಕು ಸಾಗಿಸುವ ವಿಮಾನ; ಬೆಂಕಿ ನಂದಿಸುವ ವಿಮಾನವಲ್ಲ. ಆದರೂ ಒಳಾಂಗಣ ತೆರವು, ಟ್ಯಾಂಕ್ ಅಳವಡಿಕೆ, ಭಾರದ ಲೆಕ್ಕಾಚಾರ ಹಾಗೂ ಅನುಮೋದನೆಯ ಕೆಲಸಗಳು ಎರಡಕ್ಕೂ ಸಾಮಾನ್ಯವಾಗಿವೆ.

ದೊಡ್ಡ ಟ್ಯಾಂಕರ್‌ಗೆ ಉದ್ದನೆಯ ರನ್‌ವೇ ಮತ್ತು ದ್ರಾವಣ ತುಂಬುವ ಕೇಂದ್ರ ಬೇಕು. ಕಡಿದಾದ ಕಣಿವೆಗಳಲ್ಲಿ ಅದು ಕೆಳಗಿಳಿದು ಹಾರುವುದು ಕಷ್ಟ. ಹೆಲಿಕಾಪ್ಟರ್ ಹತ್ತಿರದ ಕೆರೆ ಅಥವಾ ಜಲಾಶಯದಿಂದಲೇ ನೀರು ತುಂಬಿಕೊಳ್ಳಬಲ್ಲದು. ನಮ್ಮ ಕಾಡುಗಳ ಬೆಂಕಿ ಬಹುಪಾಲು ನೆಲಮಟ್ಟದ್ದಾಗಿರುವುದರಿಂದ, ಬೇಸಿಗೆಗೆ ಮುನ್ನ ಬೆಂಕಿ ರೇಖೆಗಳನ್ನು ತೆಗೆಯುವುದು ಮತ್ತು ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯುವ ಸಿಬ್ಬಂದಿಯ ಶ್ರಮವೇ ಇಂದಿಗೂ ಮುಖ್ಯ ಆಧಾರ. ಯಾವುದೇ ವಿಮಾನದ ಉಪಯೋಗವನ್ನು ಈ ಸಿಬ್ಬಂದಿಯ ಜೀವಕ್ಕೆ ಅದು ನೀಡುವ ರಕ್ಷಣೆಯಿಂದಲೇ ಅಳೆಯಬೇಕಾಗುತ್ತದೆ.

7. ಸಾರ್ವಜನಿಕರ ಗಮನಕ್ಕೆ

- ಕಾಡಿನಲ್ಲಿ ಅಥವಾ ಕಾಡಂಚಿನಲ್ಲಿ ಬೀಡಿ, ಸಿಗರೇಟು ಎಸೆಯಬಾರದು. ಅಡುಗೆಗಾಗಿ ಬೆಂಕಿ ಹಚ್ಚಬಾರದು.
- ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ನಿಷಿದ್ಧ.
- ಬೆಂಕಿ ಕಂಡುಬಂದಲ್ಲಿ ಸಮೀಪದ ಅರಣ್ಯ ಕಚೇರಿಗೆ ಅಥವಾ ದೂರವಾಣಿ ಸಂಖ್ಯೆ 112ಕ್ಕೆ ಕೂಡಲೇ ತಿಳಿಸುವುದು.